ಎದ್ದೆದ್ದು ನೋಡುವ ಚುಕ್ಕಿ

ಚುಕ್ಕಿ ಅಂತ ಒಂದು ಕೋಳಿ ಇತ್ತು. ಅದು ಮೊದಲನೇ ಸಲ ಕಾವಿಗೆ ಕೂತಿತ್ತು. ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ, ಜೊತೆಗೆ ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಮನೆಯವರು ಇಟ್ಟಿದ್ದ ಒಂದು ಹಳೇ ಇದ್ದಿಲು. ಚುಕ್ಕಿಗೆ ಒಂದು ಗಳಿಗೆನೂ ಸಮಾಧಾನ ಇಲ್ಲ. ಮೊಟ್ಟೆ ಬಿರುಕು ಬಿಡ್ತಾ, ಒಳಗೆ ಏನಾದ್ರೂ ಅಲ್ಲಾಡ್ತಾ ಅಂತ ಎದ್ದೆದ್ದು ನೋಡೋದೇ ಕೆಲಸ.

"ಮತ್ತೆ ಎದ್ಯಾ?" ಅಂತು ಇದ್ದಿಲು. "ನೀನು ಎದ್ದಾಗೆಲ್ಲ ಮೊಟ್ಟೆ ತಣ್ಣಗಾಗುತ್ತೆ ಕಣೇ. ಹೀಗೇ ಮಾಡಿದ್ರೆ ಒಂದೂ ಉಳಿಯಲ್ಲ."

ಚುಕ್ಕಿ ತಟ್ಟನೆ ಮತ್ತೆ ಕೂತ್ಕೊಂಡಿತು. "ಏನ್ ಮಾಡ್ಲಿ ಇದ್ದಿಲಜ್ಜ? ಕಣ್ಣು ಮುಚ್ಚಿದ್ರೆ ಸಾಕು, ಒಳಗೆ ಮರಿ ಇದೆಯೋ ಇಲ್ವೋ ಅನ್ನೋ ಯೋಚನೆ ಬರುತ್ತೆ."

"ಬರ್ಲಿ ಬಿಡು. ಯೋಚನೆ ಎದ್ರೆ ಅದರ ಜೊತೆ ನೀನೂ ಯಾಕೆ ಏಳ್ತೀಯಾ?"

ಯೋಚನೆ ಬಂತು. ಚುಕ್ಕಿ ಏಳಲಿಲ್ಲ. ಇನ್ನೊಂದು ಬಂತು, ಆಗಲೂ ಏಳಲಿಲ್ಲ. ಹೀಗೆ ಕೂತೂ ಕೂತೂ, ದಿನ ಎಷ್ಟಾಯ್ತು ಅಂತ ಲೆಕ್ಕ ಇಡೋದೂ ಅದಕ್ಕೆ ಮರೆತೇಹೋಯ್ತು.

ಒಂದು ಬೆಳಿಗ್ಗೆ ಹೊಟ್ಟೆ ಕೆಳಗೆ ಯಾರೋ ಕುಟುಕಿದ ಹಾಗಾಯ್ತು.

"ಅಮ್ಮಾ, ಸ್ವಲ್ಪ ಏಳಮ್ಮಾ" ಅಂತು ಒಂದು ಪುಟ್ಟ ದನಿ. "ಇಲ್ಲಿ ನಮಗೆಲ್ಲ ಜಾಗಾನೇ ಸಾಲ್ತಿಲ್ಲ."