ಎರಡು ಮೀಟರ್‌ಗಳ ರಾಜಿ

ಬೊಳ್ಳಮ್ಮನ ರೇಸ್ ಕಾರಿನಲ್ಲಿ ಎರಡು ಮೀಟರ್‌ಗಳಿದ್ದವು. ದೊಡ್ಡದು ಇಂಜಿನ್ನಿನಿಂದ ಕಾದು ಹೊರಬರುವ ನೀರಿನ ಬಿಸಿಯನ್ನು ತೋರಿಸುತ್ತಿತ್ತು. ಚಿಕ್ಕದು, ರೇಡಿಯೇಟರಿನಲ್ಲಿ ತಣಿದು ಮರಳುವ ನೀರಿನದನ್ನು.

ಇನ್ನು ಮೂರೇ ಸುತ್ತು. ಕಾರು ಎರಡನೆಯ ಸ್ಥಾನದಲ್ಲಿ ಹಾರುತ್ತಿತ್ತು.

"ನೂರೈದು ಡಿಗ್ರಿ!" ಎಂದು ದೊಡ್ಡದು ಕೂಗಿತು.

"ಎಂಬತ್ತೈದು. ನಿನ್ನದು ಯಾವಾಗಲೂ ಅತಿಯೇ ಅಣ್ಣಾ," ಎಂದಿತು ಚಿಕ್ಕದು.

"ತಣ್ಣೀರಲ್ಲಿ ಕೂತವನಿಗೆ ಬೆಂಕಿಯ ವಿಷಯ ಏನು ಗೊತ್ತು? ಸುಳ್ಳುಗಾರ!"

ಅಷ್ಟರಲ್ಲಿ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಹಾಳೆಯೊಂದು ರೇಡಿಯೇಟರಿನ ಮುಖಕ್ಕೆ ಮೆತ್ತಿಕೊಂಡಿತು. ಚಿಕ್ಕದರ ಮುಳ್ಳು ಸರಸರನೆ ಏರಿ ದೊಡ್ಡದರ ಮಟ್ಟ ಮುಟ್ಟಿತು.

"ನೂರಹತ್ತು!" ಎಂದವು ಎರಡೂ ಒಂದೇ ಉಸಿರಿಗೆ.

"ಅಣ್ಣಾ, ನೀನು ಹೇಳಿದ್ದೇ ನಿಜ!"

"ಕೊನೆಗೂ ಬುದ್ಧಿ ಬಂತಲ್ಲ ತಮ್ಮಾ!"

ಅವು ಹಿಗ್ಗುತ್ತಿದ್ದಂತೆಯೇ ಬೊಳ್ಳಮ್ಮ ಕಾರನ್ನು ಟ್ರ್ಯಾಕಿನ ಪಕ್ಕದ ರಿಪೇರಿ ಪಿಟ್ಟಿಗೆ ತಿರುಗಿಸಿ ನಿಲ್ಲಿಸಿದಳು. ಮೂರು ಕಾರುಗಳು ಅವಳನ್ನು ದಾಟಿ ಹೋದವು.

"ಅಕ್ಕಾ, ನಾವು ಒಂದಾದ ಹೊತ್ತಿಗೇ ನಿಲ್ಲಿಸುವುದೇ?" ಎಂದಿತು ಚಿಕ್ಕದು.

"ನಿಮ್ಮ ನಡುವೆ ಇಪ್ಪತ್ತು ಡಿಗ್ರಿ ಜಗಳ ಇರುವ ತನಕ ರೇಡಿಯೇಟರ್ ನೀರು ತಣಿಸುತ್ತಿದೆ ಎಂದು ನಂಬಿದ್ದೆ," ಎಂದಳು ಬೊಳ್ಳಮ್ಮ. "ನೀವು ರಾಜಿಯಾದಿರಿ. ಇನ್ನೊಂದು ಸುತ್ತು ಓಡಿಸಿದ್ದರೆ ಇಂಜಿನ್ ಸುಟ್ಟುಹೋಗುತ್ತಿತ್ತು."

ಮೆಕ್ಯಾನಿಕ್ ಹಾಳೆಯನ್ನು ಕಿತ್ತೆಸೆದ. ಮುಳ್ಳುಗಳು ಮತ್ತೆ ದೂರವಾಗುವುದನ್ನೇ ಕಾದು, ಅವಳು ಗೇರ್ ಹಾಕಿದಳು.