ಕಲ್ಲೇಶಿ ಮೌನದ ಕೋಣೆಯಲ್ಲಿ

ಹೊಳೆದಂಡೆಯ ಆಶ್ರಮದಲ್ಲಿ ಘೋರ ಕೃತ್ಯವೊಂದು ನಡೆದುಹೋಯಿತು. ಬೆಳಗಾಗುವಷ್ಟರಲ್ಲಿ ಮಜ್ಜಿಗೆಯ ಕಡೆಗೋಲು ಕಾಣೆಯಾಗಿತ್ತು.

ಆರೋಪಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನ ಕಲ್ಲೇಶಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅದೇ ಕಡೆಗೋಲಿನಿಂದ ಹೊಳೆಯನ್ನು ಕಡೆಯುತ್ತಿದ್ದ. ಬೆಣ್ಣೆ ಬರುವವರೆಗೆ ನಿಲ್ಲಿಸಕೂಡದೆಂದು ಯಾರೋ ಅವನಿಗೆ ಹೇಳುತ್ತಿದ್ದರು. ಆ ಯಾರೋ ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಊರ ಕಾವಲಿನ ತಳವಾರ ದ್ಯಾಮಪ್ಪ ದೊಣ್ಣೆ ಹಿಡಿದು ಬಂದ. ಕಳವು ಕಳವೇ, ಇವನನ್ನು ಪಟ್ಟಣದ ಸೆರೆಮನೆಗೆ ಒಯ್ಯುತ್ತೇನೆ ಎಂದ.

ಕಲ್ಲೇಶಿ ಹಿಂದೊಮ್ಮೆ ಆ ಸೆರೆಮನೆ ಕಂಡು ಬಂದವನು. ಹೋಗುವಾಗ ಅವನ ಕಿವಿಯಲ್ಲಿ ಮಾತಾಡುತ್ತಿದ್ದವರು ಒಬ್ಬಿಬ್ಬರು. ಬರುವಾಗ ಸಂತೆಯೇ ನೆರೆದಿತ್ತು.

ಆಶ್ರಮದ ನ್ಯಾಯತೀರ್ಮಾನ ಶಿಷ್ಯ ಮಹಾರುದ್ರನ ಪಾಲಿಗೆ ಬಂದಿತ್ತು. ಅವನು ಶಾಸ್ತ್ರ ಓದಿದವನು. ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬಂದೀತೇ ಎಂದು ಕಾಯುತ್ತಿದ್ದವನು. ಕಲ್ಲೇಶಿ ಸೆರೆಗೆ ಹೋಗುವುದು ಅವನಿಗೂ ಬೇಡವಾಗಿತ್ತು.

ಆಶ್ರಮಕ್ಕೆ ಒಂದು ಪದ್ಧತಿಯಿತ್ತು. ತಪ್ಪು ಮಾಡಿದವರು ಸಂಜೆಯವರೆಗೆ ಮೌನದ ಕೋಣೆಯಲ್ಲಿ ಒಬ್ಬರೇ, ಮಾತಿಲ್ಲದೆ ಕೂರಬೇಕು. ಹೊರಗೆ ಬಂದು ತಪ್ಪೊಪ್ಪಿಕೊಂಡರೆ ಅಲ್ಲಿಗೆ ಮುಗಿಯಿತು, ತಳವಾರನೂ ಅವರನ್ನು ಮುಟ್ಟುವಂತಿಲ್ಲ. ಮೌನ ಮುರಿದವರು ಮಾತ್ರ ತಳವಾರನ ಪಾಲು. ಮಹಾರುದ್ರ ತಾನೂ ಅಲ್ಲಿ ಕೂತು ಬಂದಿದ್ದ. ಒಳ್ಳೆಯ ನಿದ್ದೆ ಬಂದಿತ್ತು.

ಇದಕ್ಕಿಂತ ಸುಲಭದ ದಾರಿಯಿಲ್ಲ ಎಂದುಕೊಂಡು ಅವನು ಕಲ್ಲೇಶಿಯನ್ನು ಒಳಗೆ ಬಿಟ್ಟು ಅಗುಳಿ ಹಾಕಿದ.

ಸ್ವಲ್ಪ ಹೊತ್ತಿಗೇ ಒಳಗೆ ವಾದ ಶುರುವಾಯಿತು. ಬೇಡಿಕೊಳ್ಳುವುದು, ಗದರುವುದು, ಅಳುವುದು, ಎಲ್ಲವೂ ಕಲ್ಲೇಶಿಯ ಒಂದೇ ಗಂಟಲಿನಿಂದ.

ಮಹಾರುದ್ರ ಬಾಗಿಲಿಗೆ ಬಾಯಿಟ್ಟು ಹೇಳಿದ: "ಸುಮ್ಮನಿರಪ್ಪ ಕಲ್ಲೇಶಿ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

"ನಾನು ಸುಮ್ಮನೇ ಇದ್ದೀನಿ ಬುದ್ಧಿ. ಇವರಿಗೆ ಹೇಳಿ."

ಅಂಗಳದಲ್ಲಿ ಕಾದು ಕೂತಿದ್ದ ದ್ಯಾಮಪ್ಪ ಎದ್ದು ರುಮಾಲು ಸರಿಮಾಡಿಕೊಂಡ. ಒಳಗೆ ಗೋಡೆಗೆ ಹಣೆ ಬಡಿಯುವ ಸದ್ದು ಕೇಳಿಸತೊಡಗಿತು. ಮಹಾರುದ್ರನ ಕೈ ಅಗುಳಿಯ ಮೇಲೆಯೇ ಇತ್ತು. ತೆಗೆದರೆ ಸೆರೆಮನೆ, ತೆಗೆಯದಿದ್ದರೆ ಹಣೆ. ಶಾಸ್ತ್ರದಲ್ಲಿ ಇದಕ್ಕೊಂದು ಸೂತ್ರ ಅವನಿಗೆ ನೆನಪಾಗಲಿಲ್ಲ.

ಅಷ್ಟರಲ್ಲಿ ಗುರು ನಿರ್ವಾಣಪ್ಪನವರು ಬಂದರು. ಯಾರನ್ನೂ ಏನೂ ಕೇಳದೆ, ಅಡುಗೆಮನೆಯ ಮುಂದಿದ್ದ ಅಂಬಲಿಯ ಗಡಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿದರು. ಇಡೀ ಆಶ್ರಮದ ಮಧ್ಯಾಹ್ನದ ಊಟ ಅಂಗಳದಲ್ಲಿ ಹರಿಯಿತು.

"ಏನು ಮಾಡಿದಿರಿ ಗುರುಗಳೇ?"

"ತಪ್ಪು ಮಾಡಿದೆ. ನನ್ನನ್ನು ಕೂಡಿಹಾಕು."

"ಇರುವುದು ಒಂದೇ ಕೋಣೆ."

"ಹಾಗಾದರೆ ಅದಕ್ಕೇ ಹಾಕು."

ಗುರುಗಳಿಗೆ ವಿನಾಯಿತಿ ಉಂಟೆಂದು ಮಹಾರುದ್ರ ಶಾಸ್ತ್ರಾಧಾರ ಸಮೇತ ವಿವರಿಸಿದ. ಗುರುಗಳು ಕೇಳಿಸಿಕೊಂಡು, ತಾವೇ ಅಗುಳಿ ತೆಗೆದುಕೊಂಡು ಒಳಗೆ ಹೋದರು. ಹೊರಗಿನಿಂದ ಅಗುಳಿ ಹಾಕುವ ಕೆಲಸ ಮಾತ್ರ ಶಿಷ್ಯನಿಗೆ ಉಳಿಯಿತು.

ಒಳಗಿನಿಂದ ಗುರುಗಳ ದನಿ ಕೇಳಿಸಿತು. "ಇವರಿಗೆಲ್ಲ ಸ್ವಲ್ಪ ಸರಿಯಲು ಹೇಳಪ್ಪ. ನಿನ್ನ ಪಕ್ಕದಲ್ಲಿ ನನಗೆ ಕೂರಲು ಜಾಗ ಬೇಕು."

ಬಡಿತ ನಿಂತಿತು. ಆಮೇಲೆ ಸಂಜೆಯವರೆಗೂ ಒಳಗೆ ಪಿಸುಮಾತು ನಡೆದೇ ಇತ್ತು. ನಡುವೆ ಒಮ್ಮೆ ಯಾರೋ ನಕ್ಕರು. ನಕ್ಕವನು ಕಲ್ಲೇಶಿ.

ಬಾಗಿಲು ತೆರೆದಾಗ ಕಲ್ಲೇಶಿ, ಕಡೆಗೋಲು ತೆಗೆದುಕೊಂಡವನು ತಾನೇ ಎಂದ. ಗಡಿಗೆ ಒದ್ದವನು ತಾನೇ ಎಂದರು ಗುರುಗಳು. ಮೌನ ಮುರಿಯಿತಲ್ಲ ಎಂದ ದ್ಯಾಮಪ್ಪ.

ಗುರುಗಳು ಎರಡೂ ಕೈ ಮುಂದೆ ಚಾಚಿದರು. "ಹೌದು ದ್ಯಾಮಪ್ಪ, ಇಬ್ಬರೂ ಮಾತಾಡಿದೆವು. ನಡೆ, ಹೋಗೋಣ."

ದ್ಯಾಮಪ್ಪ ಆ ಕೈಗಳನ್ನು ನೋಡಿದ. ಚಿಕ್ಕಂದಿನಲ್ಲಿ ಅವನಿಗೆ ಅಕ್ಷರ ತಿದ್ದಿಸಿದ ಕೈಗಳವು.

"ನನಗೆ ಕಿವಿ ಸ್ವಲ್ಪ ಮಂದ, ಸ್ವಾಮಿ," ಎಂದು ದೊಣ್ಣೆ ಬಗಲಿಗಿಟ್ಟುಕೊಂಡು ಹೊರಟ.

ಕಲ್ಲೇಶಿ ಜಗುಲಿಯ ಮೇಲೆ ಊಟಕ್ಕೆ ಕೂತ. ಮಹಾರುದ್ರನಿಗೆ ಸಮಾಧಾನವಾಗಲಿಲ್ಲ.

"ಗುರುಗಳೇ, ಒಬ್ಬನೇ ಕೂರಬೇಕೆಂಬುದು ನಿಯಮ. ನೀವೇ ಮುರಿದಿರಲ್ಲ?"

"ಅವನೊಬ್ಬನನ್ನೇ ಕೂರಿಸಿದೆ ಎಂದುಕೊಂಡೆಯಾ? ಒಳಗೆ ಅಷ್ಟು ಜನ ಅವನ ಮೇಲೆ ಬಿದ್ದಿದ್ದರು. ಅವನ ಪರವಾಗಿ ಯಾರೂ ಇರಲಿಲ್ಲ."

ಮಹಾರುದ್ರ ಜಗುಲಿಯ ಕಡೆ ತಿರುಗಿ ನೋಡಿದ.

"ಈಗ ಅವರೆಲ್ಲ ಹೋದರೇ?"

"ಇಲ್ಲ. ಬೆಳಿಗ್ಗೆ ವೈದ್ಯರನ್ನು ಕರೆಸು. ಇವತ್ತಿಗೆ ಕಲ್ಲೇಶಿ ಸೆರೆಮನೆಗೆ ಹೋಗಲಿಲ್ಲ, ಅಷ್ಟೇ."