ಸಾಹುಕಾರರಿಗೆ ಮೊದಲ ತಂಬಿಗೆ

ಸಾಹುಕಾರ ಗುರುಸಂಗಪ್ಪನ ಮನೆಯ ಕಕ್ಕಸಿನ ಪೈಪು ಓಣಿಯ ಬಾವಿಯ ಪಕ್ಕದಲ್ಲೇ ಬಾಯಿ ಬಿಟ್ಟಿತ್ತು. ಓಣಿಯ ಮಕ್ಕಳಿಗೆಲ್ಲ ವಾಂತಿಭೇದಿ. ಮನೆಗೆಲಸದ ನೀಲವ್ವನ ಮೊಮ್ಮಗಳೂ ಹಾಸಿಗೆ ಹಿಡಿದಿದ್ದಳು. ಕಕ್ಕಸಿಗೆ ಗುಂಡಿ ತೋಡಿಸಿರಿ ಎಂದು ಓಣಿಯವರು ಅಂದರೆ ಸಾಹುಕಾರ, "ಆ ನೀರಿನಿಂದ ಯಾರಿಗೂ ಏನೂ ಆಗಂಗಿಲ್ಲ" ಎಂದು ಗದರುತ್ತಿದ್ದ. ತಾನು ಕುಡಿಯುತ್ತಿದ್ದುದು ಮಾತ್ರ ಪೇಟೆಯ ಕ್ಯಾನ್ ನೀರು.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ಕ್ಯಾನ್ ಖಾಲಿ. "ಎಲ್ಲಿಂದಾದ್ರೂ ಲಗೂನ ನೀರು ತಾ!" ಎಂದ ಸಾಹುಕಾರ.

ನೀಲವ್ವ ತಂಬಿಗೆ ತುಂಬಿ ತಂದು, ಎಲ್ಲರೆದುರು ಮೊದಲು ಅವನಿಗೇ ಹಿಡಿದಳು.

"ಓಣಿ ಬಾವೀದ್ರಿ, ಧಣಿ. ನೀವು ಕುಡದ್ರ ಬೀಗರಿಗೂ ಧೈರ್ಯ ಬರತೈತಿ."

ಸಾಹುಕಾರನ ಕೈ ಅರ್ಧಕ್ಕೇ ನಿಂತಿತು. ಗಂಡಿನ ತಾಯಿ ಹುಬ್ಬೇರಿಸಿದಳು.

"ಯಾಕ್ರಿ, ಕುಡಿಯಂಗಿಲ್ಲೇನು?"

ಸಾಹುಕಾರ ಬೆವರೊರೆಸಿಕೊಂಡು ಕೂಗಿದ: "ನೀಲವ್ವಾ, ಗುಂಡಿ ತೋಡೋರನ್ನ ಕರಿ!"

"ಕರದೀನ್ರಿ," ಅಂದಳು ನೀಲವ್ವ, "ಗುದ್ದಲಿ ಹಿಡಕೊಂಡು ಆಗಲೇ ಬಾಗಿಲದಾಗ ನಿಂತಾರ."